ಬಾಯಾರಿದ ಸರಕು

ಮೆಹಿಯೋನೆಸ್ ಬಂದರು, ಬೆಳಗಿನ ಆರೂಕಾಲು.
ಕಡಲ ಮಂಜು ಇನ್ನೂ ಟ್ಯಾಂಕಿನ ಹೊಟ್ಟೆಗೆ ಅಂಟಿಕೊಂಡಿದೆ.
ಯೆರ್ಕಾ ಮೊದಲು ಹೋಗುವುದು ಲಾರಿಯ ಹತ್ತಿರವಲ್ಲ,
ಮೂಲೆಯ ಹಸಿರು ಷವರಿನ ಹತ್ತಿರ.
ಸರಪಳಿ ಎಳೆಯುತ್ತಾಳೆ. ನೀರು ಬಿತ್ತು.
ಕಣ್ಣು ತೊಳೆಯುವ ಬಟ್ಟಲ ಹಿಡಿ ಒತ್ತುತ್ತಾಳೆ. ಬುಗ್ಗೆ ಎದ್ದಿತು.
ಸರಿ, ಈಗ ಬರಲಿ ಗಂಧಕಾಮ್ಲ.

ಚಕ್ರಕ್ಕೆ ಅಡ್ಡಗಟ್ಟೆ, ಎಂಜಿನ್ನಿಗೆ ನಿದ್ದೆ,
ಕೀಲಿ ಅವಳ ಜೇಬಿನಲ್ಲಿ.
ತುಂಬುವ ತೋಳು ಕೊಕ್ಕರೆಯ ಹಾಗೆ ಬಾಗಿ
ಟ್ಯಾಂಕಿನ ಬಾಯಿಗೆ ಕೊಕ್ಕು ಇಡುವಾಗ
ಅವಳು ಗಾಳಿಗೆ ಬೆನ್ನು ಕೊಟ್ಟು ನಿಲ್ಲುತ್ತಾಳೆ.
ಮುಖದ ಮುಂದಿನ ಗಾಜಿನಂಥ ಹಾಳೆಯಲ್ಲಿ
ಅವಳದೇ ಉಸಿರು ಮೂಡುತ್ತದೆ, ಅಳಿಯುತ್ತದೆ.

ತುಂಬಿದ ಕೊಡ ತುಳುಕುವುದಿಲ್ಲ ಎಂಬ ಗಾದೆ
ಈ ಅಂಗಳದಲ್ಲಿ ನಡೆಯುವುದಿಲ್ಲ.
ಇದು ನೀರಿಗಿಂತ ಹೆಚ್ಚೂಕಡಿಮೆ ಎರಡು ಪಟ್ಟು ಭಾರ;
ಕೊಡ ತುಂಬುವ ಮೊದಲೇ ಅಚ್ಚು ನರಳುತ್ತದೆ.
ಹಾಗಾಗಿ ಅರೆಕೊಡವೇ ಹೊರಡಬೇಕು
ಒಳಗೊಂದು ಕುರುಡು ಅಲೆ ಹೊತ್ತು.
ಅಡ್ಡಗೋಡೆಗಳಿವೆ, ನಿಜ.
ಆದರೂ ಬ್ರೇಕು ಒತ್ತಿ ಒಂದು ಗಳಿಗೆ ಕಳೆದ ಮೇಲೆ
ಬೆನ್ನಿಗೆ ಬಂದು ಗುದ್ದುತ್ತದೆ,
ಮಲಗುವ ಹೊತ್ತಿಗೆ ನೆನಪಾದ ಜಗಳದ ಹಾಗೆ.

ಟ್ಯಾಂಕಿನ ಹಿಂದೆ ಅಂಟಿಸಿದ ಚೌಕದಲ್ಲಿ ಒಂದು ಕೈ.
ಮೇಲಿಂದ ಹನಿ ಬೀಳುತ್ತಿದೆ, ಬಿದ್ದಲ್ಲಿ ಕೈ ಕರಗುತ್ತಿದೆ.
ಹೊಸ ಹುಡುಗರು ಯೆರ್ಕಾಳ ಎಡ ಅಂಗೈ ನೋಡಿ ಕೇಳುತ್ತಾರೆ:
ಈ ಚಿತ್ರ ನಿಮ್ಮದೇನಾ?
ಇಲ್ಲಪ್ಪ, ಚಿತ್ರ ಮೊದಲೇ ಇತ್ತು.
ನಾನು ನೋಡಿರಲಿಲ್ಲ, ಅಷ್ಟೆ.

ಹೋದ ಮಂಗಳವಾರ, ತೋಳು ಇಳಿಯುವ ಮೊದಲೇ,
ಮುಚ್ಚಳದ ವಾಷರಿನಲ್ಲಿ ಸೀಳು ಕಂಡಳು.
ಉಗುರಿನಷ್ಟು, ಎಂದ ರುಪೆರ್ತೊ ಚಾಯಾಪಾ.
ಉಗುರು ಹೋಗುವುದಕ್ಕೂ ಅಷ್ಟೇ ಸಾಕು, ಎಂದಳು.
ಕೀಲಿ ಕೊಡಲಿಲ್ಲ.
ಕಾಲಾಮಾದಲ್ಲಿ ಸಂಜೆ ಐದಕ್ಕೆ ಅವನ ಮಗಳ ಬಾಸ್ಕೆಟ್‌ಬಾಲ್ ಪಂದ್ಯ,
ಮೊದಲ ಸಲ ಹುಡುಗಿ ಆಡುವ ಐವರಲ್ಲಿ ಒಬ್ಬಳು.
ಹೊಸ ವಾಷರು ಅಂತೊಫಗಾಸ್ತಾದಿಂದ ಬರಲು ನಾಲ್ಕು ತಾಸು.
ನಾಲ್ಕು ತಾಸೂ ಅವನು ಬ್ರೆಡ್ಡು ಮುರಿದ,
ತಿನ್ನಲಿಲ್ಲ, ಮುರಿದದ್ದನ್ನೇ ಮತ್ತೆ ಮುರಿದ.

ಆಮೇಲೆ ರಸ್ತೆ. ಮಳೆಯ ಹೆಸರೇ ಗೊತ್ತಿಲ್ಲದ ಮಣ್ಣು.
ತರಬೇತಿಯಲ್ಲಿ ಒಮ್ಮೆ ಒಂದು ಬಟ್ಟಲು ಸಕ್ಕರೆಗೆ ಇದನ್ನು ಸುರಿದಿದ್ದರು:
ಸಕ್ಕರೆಯೊಳಗೆ ಅಡಗಿದ್ದ ನೀರನ್ನೆಲ್ಲ ಕುಡಿದು
ಕರೀ ಇದ್ದಿಲಿನ ಹಾವು ಹೆಡೆ ಎತ್ತಿತು.
ಅಂದಿನಿಂದ ರುಪೆರ್ತೊನಿಗೆ ಗೊತ್ತು,
ತಾನು ಮರುಭೂಮಿಯಲ್ಲಿ ಸಾಗಿಸುತ್ತಿರುವುದು
ತಾಮ್ರದ ಕಲ್ಲು ಕರಗಿಸುವ ಮದ್ದನ್ನಲ್ಲ, ಒಂದು ದಾಹವನ್ನು.

ದಾರಿಯ ಪಕ್ಕ ದಿಫುಂತಾಳ ಗುಡಿ,
ಬಾಯಾರಿ ಸತ್ತ ತಾಯಿ,
ಸತ್ತ ಮೇಲೂ ಎದೆಗೂಸಿಗೆ ಹಾಲು ಬತ್ತಲಿಲ್ಲವಂತೆ.
ಡ್ರೈವರುಗಳು ಅವಳಿಗೆ ನೀರಿನ ಸೀಸೆ ಇಡುತ್ತಾರೆ,
ಬಿಸಿಲಿಗೆ ನೂರಾರು ಸೀಸೆ ಒಟ್ಟಿಗೆ ಮಿನುಗುತ್ತವೆ.
ತುಂಬಿದ ಲಾರಿ ಅಲ್ಲಿ ನಿಲ್ಲುವಂತಿಲ್ಲ.
ಹೋಗುವಾಗ ಒಂದು ಹಾರ್ನು,
ಬರುವಾಗ ಸೀಸೆ.
(ಬರುವಾಗಲೂ ಚೌಕದ ಕೈ ಹಾಗೇ ಇರುತ್ತದೆ:
ಖಾಲಿ ಟ್ಯಾಂಕು ಎನ್ನುವುದು ಬಾಯಿಮಾತು,
ತಳದಲ್ಲಿ ನಾಲಗೆ ಇನ್ನೂ ಒದ್ದೆ.)

ಈ ಮಂಗಳವಾರ ಮತ್ತೆ ಬಂದ.
ಎರಡು ಅಂಕದಲ್ಲಿ ಸೋತರು, ಎಂದ, ಬೇರೆ ಕಡೆ ನೋಡುತ್ತ.
ಮುನಿಸು ಇಳಿದಿಲ್ಲ.
ಆದರೆ ಕೇಳುವ ಮೊದಲೇ ಕೀಲಿ ಅವಳ ಅಂಗೈಯಲ್ಲಿತ್ತು,
ಎಡದ ಅಂಗೈಯಲ್ಲಿ,
ಇನ್ನೊಂದು ಕೈಗೆ ಒಂದು ಖಾಲಿ ಸೀಸೆ ಚಾಚಿದ.
ಅವಳು ಕಣ್ಣು ತೊಳೆಯುವ ಬುಗ್ಗೆಯಿಂದಲೇ ತುಂಬಿಕೊಟ್ಟಳು.
ಅದೇ ಅಲ್ಲಿ ಎಲ್ಲಕ್ಕಿಂತ ಶುದ್ಧ ನೀರು.

ಲಾರಿ ಹೊರಟಿತು, ಗೇಟಿನ ಉಬ್ಬು ದಾಟುವಾಗ
ಹೆಂಗಸರು ಹೊಸ್ತಿಲು ದಾಟುವಷ್ಟು ಮೆಲ್ಲಗೆ.
ಸೀಟಿನ ಪಕ್ಕ ಒಂದೂವರೆ ಲೀಟರು ನೀರು,
ಬೆನ್ನ ಹಿಂದೆ ಇಪ್ಪತ್ತೆಂಟು ಟನ್ನು ಬಾಯಾರಿಕೆ,
ನಡುವೆ
ಒಂದು ವಾಷರು.